ನಿಲ್ಲುವುದನ್ನೂ ಹೇಳಿಕೊಡಬೇಕು

ದೋರನಹಳ್ಳಿಗೆ ರೈಲಿಲ್ಲ. ರೈಲು ಹತ್ತಬೇಕೆಂದರೆ ನಮ್ಮೂರಿನವರು ಯಾದಗಿರಿಗೆ ಹೋಗಬೇಕು. ಆದರೂ ರೈಲು ಓಡಿಸುವ ಹುಡುಗರು ನಮ್ಮಲ್ಲೂ ಇದ್ದಾರೆ. ಅವರ ಹಳಿ, ನಿಲ್ದಾಣ, ಸಿಗ್ನಲ್ ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ! 2001ರಲ್ಲಿ ಬಂದ ‘ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್’, ಅದರ ಜಾಡಿನಲ್ಲೇ ಬಂದು ಉಚಿತವಾಗಿ ಸಿಗುವ ‘ಓಪನ್ ರೈಲ್ಸ್’ ಇಂಥ ಆಟಗಳು. ಇವುಗಳಲ್ಲಿ ಒಂದು ಗಾಡಿಯನ್ನು ನೀವು ಓಡಿಸಿದರೆ, ಉಳಿದ ಗಾಡಿಗಳನ್ನು ಕಂಪ್ಯೂಟರೇ ಓಡಿಸುತ್ತದೆ.

“ಸರ್, ನಾ ಓಡಿಸೋ ಗಾಡಿ ಸ್ಟೇಷನ್ನಾಗ ನಿಂದರತದ. ಕಂಪ್ಯೂಟರ್ ಓಡಿಸೋದು ನಿಂದರದ ಹಂಗೇ ಹೋಗತದ. ಯಾಕ್ರಿ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಆಟದ ಮಾತೆಂದು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ನಿಜವಾದ ರೈಲಿನ ಎಂಜಿನಿಯರುಗಳೂ ಇದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

ನಿಲ್ದಾಣ ಕಂಡರೆ ನಿಲ್ಲಬೇಕೆಂಬುದು ನಮಗೆ ಗೊತ್ತು. ಕಂಪ್ಯೂಟರಿಗೆ ಆ ಪ್ಲಾಟ್‌ಫಾರಂ ಬರಿಯ ಚಿತ್ರ. ಅದಕ್ಕೆ ಮೂರು ಸಂಗತಿ ತಿಳಿಸಬೇಕು. ಮೊದಲನೆಯದು, ಎಲ್ಲಿ ನಿಲ್ಲಬೇಕು? ಪ್ಲಾಟ್‌ಫಾರಂನ ಎರಡೂ ತುದಿಗಳನ್ನು ಹಳಿಯ ಮೇಲೆ ಗುರುತಿಸಿರಬೇಕು. ಗಾಡಿಗೆ ಹಾಕಿಕೊಟ್ಟ ದಾರಿ ಅದೇ ಹಳಿಯ ಮೇಲೆ ಹಾಯ್ದಿರಬೇಕು. ಪ್ಲಾಟ್‌ಫಾರಂ ಇರುವುದು ಪಕ್ಕದ ಲೂಪ್ ಹಳಿಯಲ್ಲಿ, ದಾರಿ ಹಾಕಿದ್ದು ನಡುವಿನ ಹಳಿಯಲ್ಲಿ ಎಂದಾದರೆ ಗಾಡಿ ನಿಲ್ಲುವುದಾದರೂ ಹೇಗೆ? ಎರಡನೆಯದು, ಎಷ್ಟು ಹೊತ್ತು ನಿಲ್ಲಬೇಕು? ವೇಳಾಪಟ್ಟಿಯಲ್ಲಿ ಆ ನಿಲ್ದಾಣದ ಎದುರು ಸಮಯ ಬರೆಯದೆ ಖಾಲಿ ಬಿಟ್ಟರೆ, ಎಕ್ಸ್‌ಪ್ರೆಸ್ ಗಾಡಿ ಸಣ್ಣ ನಿಲ್ದಾಣವನ್ನು ದಾಟಿದಂತೆ ಅದು ದಾಟಿ ಹೋಗುತ್ತದೆ. ಮೂರನೆಯದು, ಎಲ್ಲಿಂದ ಬ್ರೇಕು ಹಾಕಬೇಕು? ವಿಜ್ಞಾನದ ಪಾಠ ಇರುವುದು ಇಲ್ಲಿಯೇ.

ಗಂಟೆಗೆ 90 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಬ್ರೇಕು ಹಾಕಿದಾಗ ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ವೇಗ ಇಳಿಯುತ್ತದೆಂದು ಇಟ್ಟುಕೊಳ್ಳೋಣ. ಗಾಡಿ ನಿಲ್ಲಲು 50 ಸೆಕೆಂಡು ಬೇಕು. ಆ ಅವಧಿಯ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. ಗುಣಿಸಿದರೆ 625 ಮೀಟರ್! ವೇಗ 45 ಕಿ.ಮೀ. ಇದ್ದರೆ ಎಷ್ಟು? 25 ಸೆಕೆಂಡಿನಲ್ಲಿ ಸುಮಾರು 156 ಮೀಟರ್. ವೇಗ ಅರ್ಧವಾದರೆ ದೂರ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಅಂದಮೇಲೆ ನಿಲ್ದಾಣ ಬಂದ ಮೇಲೆ ಬ್ರೇಕು ಹಾಕಿದರೆ ಪ್ರಯೋಜನವಿಲ್ಲ. ಅರ್ಧ ಕಿಲೋಮೀಟರಿಗೂ ಮೊದಲೇ ಲೆಕ್ಕ ಮುಗಿದಿರಬೇಕು. ಆ ಲೆಕ್ಕ ಮಾಡಲು ತಾನು ಈಗ ಎಲ್ಲಿದ್ದೇನೆ ಎಂಬುದು ಗಾಡಿಗೆ ಗೊತ್ತಿರಬೇಕು.

ಪರದೆಯ ಮೇಲಿನ ಗಾಡಿಗೆ ಅದು ಸದಾ ಗೊತ್ತು. ನಿಜವಾದ ಗಾಡಿಗೆ? ಇದರ ಪ್ರಯೋಗ ನಮ್ಮ ನೆರೆಯಲ್ಲೇ ನಡೆಯಿತು. ಗಾಡಿಗಳು ಡಿಕ್ಕಿಯಾಗದಂತೆ ತಡೆಯುವ ‘ಕವಚ’ ವ್ಯವಸ್ಥೆಯನ್ನು 2016ರಿಂದ ಪ್ರಯಾಣಿಕರ ಗಾಡಿಗಳಲ್ಲಿ ಪರೀಕ್ಷಿಸಿದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ. ಹಳಿಯ ಮೇಲೆ ಸುಮಾರು ಕಿಲೋಮೀಟರಿಗೊಂದರಂತೆ, ಸಿಗ್ನಲ್‌ಗಳ ಬಳಿಯೂ, ಚಿಕ್ಕ ಬಿಲ್ಲೆಗಳನ್ನು ಕೂರಿಸುತ್ತಾರೆ. ಎಂಜಿನ್ ಅವುಗಳ ಮೇಲೆ ಹಾಯುವಾಗ ರೇಡಿಯೊ ಅಲೆಗಳಿಂದ ಅವನ್ನು ಓದಿ ತನ್ನ ಸ್ಥಾನ ತಿಳಿಯುತ್ತದೆ. ಒಂದು ಬಿಲ್ಲೆಯಿಂದ ಇನ್ನೊಂದರವರೆಗೆ ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಚಕ್ರ ಜಾರಿ ಲೆಕ್ಕ ತಪ್ಪಿದರೆ ಮುಂದಿನ ಬಿಲ್ಲೆ ತಿದ್ದುತ್ತದೆ. ಅಪಾಯವಿದ್ದಾಗ ಚಾಲಕ ಬ್ರೇಕು ಹಾಕದಿದ್ದರೆ ತಾನೇ ಹಾಕುತ್ತದೆ. 2022ರ ಮಾರ್ಚ್ 4ರಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಸ್ವತಃ ಎಂಜಿನಿನಲ್ಲಿ ಕುಳಿತು ಇದನ್ನು ಪರೀಕ್ಷಿಸಿದಾಗ, ಎದುರಿನ ಎಂಜಿನಿಗೆ 380 ಮೀಟರ್ ಇರುವಾಗಲೇ ಗಾಡಿ ತಾನಾಗಿ ನಿಂತಿತು.

ಕವಚದ ಕೆಲಸ ಕಾಯುವುದು. ಪ್ಲಾಟ್‌ಫಾರಂನಲ್ಲಿ ನಿಲ್ಲಿಸುವುದು ಚಾಲಕನ ಕೆಲಸವೇ. ಅದನ್ನೂ ಕಂಪ್ಯೂಟರಿಗೆ ಒಪ್ಪಿಸಿದ್ದು ಮೆಟ್ರೊ ರೈಲು. ಬೆಂಗಳೂರಿನಲ್ಲಿ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿದೆ, 16 ನಿಲ್ದಾಣ. ಅದರ ಗಾಡಿಗಳು ಚಾಲಕನಿಲ್ಲದೆಯೂ ಓಡುವಂತೆ ರೂಪಿಸಿದವು. ಆಟದಲ್ಲಿ ಗಾಡಿ ನಿಲ್ಲದಿದ್ದರೆ ನಗು ಬರುತ್ತದೆ. ಅಲ್ಲಿ ಮುಂದಕ್ಕೆ ಹೋಗಿ ನಿಂತರೆ ಮೊದಲ ಬೋಗಿಯ ಬಾಗಿಲಿನ ಎದುರು ಪ್ರಯಾಣಿಕರೇ ಇರುವುದಿಲ್ಲ. ಹಿಂದೆಯೇ ನಿಂತರೆ ಬಾಗಿಲಿನ ಕೆಳಗೆ ಪ್ಲಾಟ್‌ಫಾರಂ ಇರುವುದಿಲ್ಲ!

ಪಾಲಕರಿಗೊಂದು ಮಾತು. ಮಗ ಅಥವಾ ಮಗಳು ಇಂಥ ಆಟದ ಮುಂದೆ ಕುಳಿತರೆ ಬೈಯುವ ಮೊದಲು, “ಗಾಡಿ ಯಾಕೆ ನಿಲ್ಲಲಿಲ್ಲ?” ಎಂದು ಕೇಳಿ ನೋಡಿ. ದಾರಿ, ವೇಳೆ, ಬ್ರೇಕು ಎಂದು ಒಂದೊಂದಾಗಿ ತಡಕಿ ಕಾರಣ ಹುಡುಕಿದರೆ ಅದು ಅಭ್ಯಾಸವೇ. ಸುಮ್ಮನೆ ಓಡಿಸುತ್ತ ಕುಳಿತರೆ ಮಾತ್ರ ಕಾಲಹರಣ. ಯಂತ್ರಕ್ಕೆ ನಾವು ಹೇಳದೆ ಬಿಟ್ಟದ್ದು ತಾನಾಗಿ ಹೊಳೆಯುವುದಿಲ್ಲ ಎಂಬುದನ್ನು ಮಕ್ಕಳು ಈಗಲೇ ಕಲಿಯಲಿ. ನಾಳೆ ಅವರು ಬರೆಯುವ ಆಜ್ಞೆಗಳನ್ನು ನಂಬಿ ಸಾವಿರಾರು ಜನ ಗಾಡಿ ಹತ್ತಬಹುದು.

ಈ ವಾರದ ಪ್ರಯೋಗ: ದೊಡ್ಡವರೊಬ್ಬರನ್ನು ಕರೆದುಕೊಂಡು ಖಾಲಿ ಮೈದಾನಕ್ಕೆ ಸೈಕಲ್ ಒಯ್ಯಿರಿ. ಸುಣ್ಣದಿಂದ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಮುಂದಿನ ಚಕ್ರ ನಿಲ್ಲಬೇಕಾದರೆ ಹಿಂದಿನ ಬ್ರೇಕನ್ನು ಎಲ್ಲಿಂದ ಹಿಡಿಯಬೇಕು? ಮೊದಲು ನಿಧಾನವಾಗಿ, ಆಮೇಲೆ ತುಸು ಜೋರಾಗಿ ಬಂದು ದೂರ ಅಳೆಯಿರಿ. ಎರಡು ಅಳತೆಗಳನ್ನೂ ಪಕ್ಕ ಪಕ್ಕ ಬರೆದಿಡಿ. ಚಲನೆಯ ಪಾಠದ ಸೂತ್ರ ಆಗ ಬಾಯಿಪಾಠ ಮಾಡದೆಯೇ ನೆನಪಿನಲ್ಲಿ ಉಳಿಯುತ್ತದೆ.