ಆರು ತಿಂಗಳ ಅತಿಥಿ ಮತ್ತು ಬಾರ್ಸಿಲೋನಾದ ಭಾಷೆ

ಯೂರೋಪಿನ ಉನ್ನತ ಶಿಕ್ಷಣದ ಈಚಿನ ಚರಿತ್ರೆಯಲ್ಲಿ ೧೯೮೭ನೆಯ ಇಸವಿ ಗಮನಾರ್ಹವಾದುದು. ಆ ವರ್ಷ ಆರಂಭಗೊಂಡ ಎರಾಸ್ಮಸ್ ಯೋಜನೆಯು, ಒಂದು ದೇಶದ ವಿದ್ಯಾರ್ಥಿಯು ತನ್ನ ಪದವಿ ವ್ಯಾಸಂಗದ ಒಂದು ಭಾಗವನ್ನು ಮತ್ತೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಪೂರೈಸಿ, ಅಲ್ಲಿ ಪಡೆದ ಫಲವನ್ನು ತನ್ನ ವಿಶ್ವವಿದ್ಯಾಲಯದಲ್ಲಿ ಮಾನ್ಯಮಾಡಿಸಿಕೊಳ್ಳುವ ದಾರಿಯನ್ನು ತೆರೆಯಿತು. ಮೊದಲ ವರ್ಷ ೧೧ ದೇಶಗಳ ೩,೨೪೪ ವಿದ್ಯಾರ್ಥಿಗಳು ಹೀಗೆ ಗಡಿ ದಾಟಿದರು. ಅಂದಿನಿಂದ ಇಂದಿನವರೆಗೆ ಈ ಯೋಜನೆಯ ನೆರವು ಪಡೆದವರ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿದೆ. ಭಾರತದಂಥ ಹೊರಗಿನ ದೇಶಗಳ ವಿಶ್ವವಿದ್ಯಾಲಯಗಳೊಡನೆಯೂ ೨೦೧೫ರಿಂದ ಇಂಥ ವಿನಿಮಯ ಸಾಧ್ಯವಾಗಿದೆ. ಹೀಗೆ ಹೊರಡುವವರು ಬಹುವಾಗಿ ಆರಿಸಿಕೊಳ್ಳುವ ದೇಶ ಸ್ಪೇನ್. ಸ್ಪೇನಿನೊಳಗೆ ಅವರನ್ನು ಸೆಳೆಯುವ ನಗರಗಳಲ್ಲಿ ಬಾರ್ಸಿಲೋನಾ ಮುಂಚೂಣಿಯಲ್ಲಿದೆ.

ಈ ಸೆಳೆತಕ್ಕೆ ಕಾರಣಗಳನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಕಡೆ ಬೆಟ್ಟದ ಸಾಲು. ನಡುವೆ ೧೮೫೯ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರನು ಚದುರಂಗದ ಮಣೆಯಂತೆ ರೂಪಿಸಿದ, ಮೂಲೆಗಳನ್ನು ಸವರಿದ ಚೌಕಗಳ ಹೊಸ ಬಡಾವಣೆ. ೧೮೮೨ರಲ್ಲಿ ಕಟ್ಟಲು ತೊಡಗಿದ ಸಗ್ರಾದಾ ಫಮೀಲಿಯಾ ದೇವಾಲಯದ ಗೋಪುರಗಳು ಎಲ್ಲಿಂದ ನೋಡಿದರೂ ಕಾಣುತ್ತವೆ. ರಾತ್ರಿ ಹತ್ತಕ್ಕೆ ಊಟ, ಹನ್ನೆರಡಕ್ಕೆ ಚೌಕದಲ್ಲಿ ಹರಟೆ. ಸೆಪ್ಟೆಂಬರಿನಲ್ಲಿ ಬಂದಿಳಿದ ವಿದ್ಯಾರ್ಥಿಯು ಕೊಠಡಿಯ ಬೀಗದ ಕೈಯನ್ನು ಪಡೆಯುವಷ್ಟರಲ್ಲಿಯೇ ೨೪ನೆಯ ತಾರೀಖಿನ ಮೆರ್ಸೆ ಉತ್ಸವ ಬಂದುಬಿಡುತ್ತದೆ: ಒಬ್ಬರ ಹೆಗಲ ಮೇಲೊಬ್ಬರು ನಿಂತು ಎಂಟು ಒಂಬತ್ತು ಅಂತಸ್ತಿನ ಮಾನವ ಗೋಪುರ ಕಟ್ಟುತ್ತಾರೆ, ತುದಿಗೆ ಒಂದು ಪುಟ್ಟ ಮಗು ಏರಿ ಕೈಯೆತ್ತಿ ಇಳಿಯುತ್ತದೆ. ಇಂಥ ಊರನ್ನು ಮೆಚ್ಚದಿರುವುದು ಕಷ್ಟ. ಆದರೆ ಮೆಚ್ಚುವುದು ಬೇರೆ, ಅದರ ಮಾತನ್ನು ಕೇಳಿಸಿಕೊಳ್ಳುವುದು ಬೇರೆ.

ಸ್ಪೇನಿಗೆ ಹೋದರೆ ಸ್ಪ್ಯಾನಿಷ್ ಕಲಿಯಬಹುದು ಎಂಬ ನಂಬಿಕೆಯಿಂದ ಬಂದ ವಿದ್ಯಾರ್ಥಿಗೆ ಮೊದಲ ವಾರದಲ್ಲಿಯೇ ಒಂದು ಅಚ್ಚರಿ ಕಾದಿರುತ್ತದೆ. ನಿಲ್ದಾಣದ ಫಲಕ, ನಗರಸಭೆಯ ಪ್ರಕಟಣೆ, ತರಗತಿಯ ಉಪನ್ಯಾಸ ಇವುಗಳ ಭಾಷೆ ಕ್ಯಾಟಲನ್. ಬಾರ್ಸಿಲೋನಾ ವಿಶ್ವವಿದ್ಯಾಲಯದ ಪದವಿ ತರಗತಿಗಳ ಬೋಧನೆಯಲ್ಲಿ ದೊಡ್ಡ ಪಾಲು ಈ ಭಾಷೆಯಲ್ಲಿ ನಡೆಯುತ್ತದೆ. ಇದು ಸ್ಪ್ಯಾನಿಷ್ ಎಂದು ಜಗತ್ತು ಕರೆಯುವ ಕ್ಯಾಸ್ಟಿಲಿಯನ್ನಿನ ಉಪಭಾಷೆಯಲ್ಲ; ಲ್ಯಾಟಿನ್ನಿನಿಂದ ಬೇರೆಯಾಗಿಯೇ ಕವಲೊಡೆದ, ದಕ್ಷಿಣ ಫ್ರಾನ್ಸಿನ ಆಕ್ಸಿಟನ್ನಿಗೆ ಹತ್ತಿರವಾದ ಭಾಷೆ. ಕಿಟಕಿಗೆ ಅಲ್ಲಿ 'ವೆಂತಾನಾ', ಇಲ್ಲಿ 'ಫಿನೆಸ್ತ್ರಾ'. ಮಾತನಾಡುವುದಕ್ಕೆ ಅಲ್ಲಿ 'ಅಬ್ಲಾರ್', ಇಲ್ಲಿ 'ಪರ್ಲಾ'. ವೇಲೆನ್ಸಿಯಾ, ಬಲೆಯಾರಿಕ್ ದ್ವೀಪಗಳು, ಫ್ರಾನ್ಸಿನ ಒಂದು ಅಂಚು, ಅಂಡೋರಾ ದೇಶ, ಸಾರ್ಡೀನಿಯಾದ ಒಂದು ಪಟ್ಟಣ ಇವೆಲ್ಲವನ್ನೂ ಸೇರಿಸಿದರೆ ಇದನ್ನು ಬಲ್ಲವರು ಸುಮಾರು ಒಂದು ಕೋಟಿ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ೪ ಕೋಟಿ ೩೭ ಲಕ್ಷ ಎಂಬುದನ್ನು ನೆನೆದರೆ ಪ್ರಮಾಣದ ಅರಿವಾಗುತ್ತದೆ.

ಈಗ ತರಗತಿಯ ಒಳಗಿನ ಮಾತು. ೧೯೯೮ರ ಕ್ಯಾಟಲೋನಿಯಾದ ಭಾಷಾ ಕಾಯಿದೆಯ ಪ್ರಕಾರ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಎರಡು ಅಧಿಕೃತ ಭಾಷೆಗಳಲ್ಲಿ ತಾವು ಇಷ್ಟಪಟ್ಟುದನ್ನು ಬಳಸಬಹುದು. ಅಧ್ಯಾಪಕರು ಕ್ಯಾಟಲನ್ನಿನಲ್ಲಿ ಪಾಠ ಆರಂಭಿಸುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಸೆಮಿಸ್ಟರ್ ವಿದ್ಯಾರ್ಥಿಯು ಕೈಯೆತ್ತಿ, ದಯವಿಟ್ಟು ಕ್ಯಾಸ್ಟಿಲಿಯನ್ನಿನಲ್ಲಿ ಹೇಳಬಹುದೇ ಎಂದು ಸೌಜನ್ಯದಿಂದಲೇ ಕೇಳುತ್ತಾನೆ. ಕೇಳುವವನಲ್ಲಿ ದುರುದ್ದೇಶವಿಲ್ಲ. ಒಪ್ಪಿಕೊಳ್ಳುವ ಅಧ್ಯಾಪಕರಲ್ಲಿಯೂ ದೌರ್ಬಲ್ಯವಿದೆಯೆನ್ನಲಾಗದು, ಅತಿಥಿಸತ್ಕಾರವಿದೆ. ಆದರೆ ಫಲವನ್ನು ನೋಡಬೇಕು: ಆರು ತಿಂಗಳಿಗೆ ಬಂದ ಒಬ್ಬನ ವಿನಂತಿಯಿಂದ ನಾಲ್ಕು ವರ್ಷ ಓದುವ ನಲವತ್ತು ಮಂದಿಯ ತರಗತಿಯ ಭಾಷೆ ಬದಲಾಗುತ್ತದೆ. ಸೆದ್ರಿಕ್ ಕ್ಲಾಪಿಶ್ ಎಂಬ ಫ್ರೆಂಚ್ ನಿರ್ದೇಶಕನು ೨೦೦೨ರಲ್ಲಿ ಬಾರ್ಸಿಲೋನಾದ ಎರಾಸ್ಮಸ್ ವಿದ್ಯಾರ್ಥಿಗಳನ್ನು ಕುರಿತು ತೆಗೆದ ಚಲನಚಿತ್ರದಲ್ಲಿ ಈ ಸನ್ನಿವೇಶ ಬರುತ್ತದೆ. ಅಲ್ಲಿನ ಅಧ್ಯಾಪಕ ಒಪ್ಪುವುದಿಲ್ಲ. ಚಿತ್ರದಲ್ಲಿ ಅದೊಂದು ವಿನೋದದ ಪ್ರಸಂಗ. ನಗುವ ಪ್ರೇಕ್ಷಕನಿಗೆ ಆ ಅಧ್ಯಾಪಕನ ಹಠದ ಹಿಂದೆ ಇರುವ ಮುನ್ನೂರು ವರ್ಷಗಳು ತಿಳಿದಿರುವುದಿಲ್ಲ, ಅಷ್ಟೆ.

ಆ ಮುನ್ನೂರು ವರ್ಷಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬಾರ್ಸಿಲೋನಾ ವಿಶ್ವವಿದ್ಯಾಲಯ ಸ್ಥಾಪನೆಯಾದುದು ೧೪೫೦ರಲ್ಲಿ. ೧೭೧೪ರಲ್ಲಿ ನಗರವನ್ನು ಗೆದ್ದ ಐದನೆಯ ಫಿಲಿಪ್ ದೊರೆಯು ೧೭೧೬ರ ಶಾಸನದಿಂದ ಕ್ಯಾಟಲೋನಿಯಾದ ಸ್ವಂತ ಆಡಳಿತವನ್ನು ಅಳಿಸಿದನು. ಮರುವರ್ಷ ವಿಶ್ವವಿದ್ಯಾಲಯವನ್ನೇ ಮುಚ್ಚಿ ಸೆರ್ವೇರಾ ಎಂಬ ಒಳನಾಡಿನ ಊರಿಗೆ ಸಾಗಿಸಿದನು. ಅದು ಮರಳಿ ನಗರಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಮತ್ತೆ ೧೯೩೯ರಿಂದ ೧೯೭೫ರವರೆಗೆ ಫ್ರಾಂಕೋ ಆಳ್ವಿಕೆಯಲ್ಲಿ ಶಾಲೆ, ಕಛೇರಿ, ಆಡಳಿತ ಎಲ್ಲೆಡೆಯಿಂದ ಕ್ಯಾಟಲನ್ ಹೊರಗಾಯಿತು. ಅದು ಉಳಿದುದು ಅಡುಗೆಮನೆಗಳಲ್ಲಿ. ೧೯೭೯ರ ಸ್ವಾಯತ್ತತಾ ಶಾಸನ, ೧೯೮೩ರ ಭಾಷಾ ಕಾಯಿದೆ ಇವುಗಳಿಂದ ಅದು ಶಾಲೆಗೆ ಹಿಂತಿರುಗಿತು. ಇಂದು ಐವತ್ತು ದಾಟಿದ ಅಧ್ಯಾಪಕರ ತಂದೆತಾಯಿಗಳು ತಮ್ಮ ಮಾತೃಭಾಷೆಯಲ್ಲಿ ಒಂದು ಅಕ್ಷರವನ್ನೂ ಶಾಲೆಯಲ್ಲಿ ಬರೆಯಲು ಕಲಿತವರಲ್ಲದಿರುವ ಸಂಭವವೇ ಹೆಚ್ಚು.

ಹೊರನಾಡಿನ ಕನ್ನಡಿಗರಿಗೆ ಈ ಚರಿತ್ರೆಯ ಇನ್ನೊಂದು ಮುಖ ಹೆಚ್ಚು ಆಪ್ತವೆನಿಸಬಹುದು. ಕ್ಯಾಟಲನ್ ಸಾಹಿತ್ಯದ ಪುನರುಜ್ಜೀವನಕ್ಕೆ ನಾಂದಿಯೆಂದು ಪರಿಗಣಿತವಾದ ಕವಿತೆ ಹುಟ್ಟಿದುದು ಬಾರ್ಸಿಲೋನಾದಲ್ಲಲ್ಲ. ೧೮೩೩ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಉದ್ಯೋಗದಲ್ಲಿದ್ದ ಬೊನಾವೆಂತುರಾ ಕಾರ್ಲೆಸ್ ಅರಿಬಾವ್ ಎಂಬಾತನು, ತನ್ನ ಯಜಮಾನನ ಗೌರವಾರ್ಥವಾಗಿ, ತಾಯ್ನಾಡನ್ನೂ ತಾಯ್ನುಡಿಯನ್ನೂ ನೆನೆದು ಅದನ್ನು ಬರೆದನು. ಸಂಬಳಕ್ಕಾಗಿ ಪರಸ್ಥಳಕ್ಕೆ ಹೋದ ಒಬ್ಬ ನೌಕರನ ಸಾಂದರ್ಭಿಕ ರಚನೆ ಒಂದು ಭಾಷೆಯ ನವೋದಯದ ಮೊದಲ ಪುಟವಾಯಿತು. ಆಧುನಿಕ ಕ್ಯಾಟಲನ್ನಿಗೆ ಕಾಗುಣಿತದ ನಿಯಮಗಳನ್ನೂ (೧೯೧೩) ವ್ಯಾಕರಣವನ್ನೂ (೧೯೧೮) ನಿಘಂಟನ್ನೂ (೧೯೩೨) ಕೊಟ್ಟ ಪೊಂಪೇವು ಫಾಬ್ರಾ ವೃತ್ತಿಯಿಂದ ಎಂಜಿನಿಯರ್. ೧೯೦೨ರಿಂದ ಸುಮಾರು ಒಂದು ದಶಕ ಬಾಸ್ಕ್ ನಾಡಿನ ಬಿಲ್ಬಾವೊದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದನು. ಭಾಷಾಚಿಂತನೆಯ ಮುಖ್ಯ ವರ್ಷಗಳನ್ನು ಹೊರನಾಡಿನಲ್ಲಿ ಕಳೆದ ಆತ ಅಂತರ್ಯುದ್ಧದ ಬಳಿಕ ದೇಶಭ್ರಷ್ಟನಾಗಿ ೧೯೪೮ರಲ್ಲಿ ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ ತೀರಿಕೊಂಡನು. ಇಂದು ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯಕ್ಕೆ ಅವನ ಹೆಸರಿದೆ. ಮೆರ್ಸೆ ರುದುರೇದಾಳ ಪ್ರಸಿದ್ಧ ಕಾದಂಬರಿ 'ಲಾ ಪ್ಲಾಸಾ ದೆಲ್ ದಿಯಾಮಂತ್' ೧೯೬೨ರಲ್ಲಿ ಪ್ರಕಟವಾಯಿತು. ಬಾರ್ಸಿಲೋನಾದ ಗ್ರಾಸಿಯಾ ಬಡಾವಣೆಯ ಒಂದು ಚೌಕದ ಸುತ್ತ ಹೆಣೆದ ಆ ಕೃತಿಯನ್ನು ಆಕೆ ಬರೆದುದು ಜಿನೀವಾದಲ್ಲಿ. ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬೇಂದ್ರೆಯವರನ್ನೂ ಮುಂಬಯಿಯಲ್ಲಿ ನೆಲೆಸಿ ಬರೆದ ಯಶವಂತ ಚಿತ್ತಾಲರನ್ನೂ ಬಲ್ಲ ಓದುಗರಿಗೆ ಇದರಲ್ಲಿ ವಿಸ್ಮಯವೇನೂ ತೋರಲಾರದು.

ಹೀಗಿರುವಾಗ ಸೆಮಿಸ್ಟರ್ ವಿದ್ಯಾರ್ಥಿಯಿಂದ ಏನನ್ನು ನಿರೀಕ್ಷಿಸಬೇಕು? ಆರು ತಿಂಗಳಲ್ಲಿ ಎರಡು ಭಾಷೆಗಳನ್ನು ಕಲಿಯೆಂದು ಹೇಳುವುದು ಅನ್ಯಾಯವೆಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಕ್ಯಾಸ್ಟಿಲಿಯನ್ ಕಲಿತರೆ ಎರಡು ಅಮೆರಿಕಗಳ ಬಾಗಿಲು ತೆರೆಯುತ್ತದೆ. ಕ್ಯಾಟಲನ್ ಕಲಿತರೆ ಒಂದು ಕರಾವಳಿಯದು. ಇನ್ನೊಂದು ತೊಡಕೂ ಉಂಟು. ಬಾರ್ಸಿಲೋನಾದಲ್ಲಿ ಕ್ಯಾಸ್ಟಿಲಿಯನ್ ಪರಭಾಷೆಯಲ್ಲ. ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ ಆಂಡಲೂಸಿಯಾದಿಂದಲೂ ಇತರ ಬಡ ಪ್ರಾಂತಗಳಿಂದಲೂ ಕಾರ್ಖಾನೆಯ ಕೆಲಸಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳಿಗೆ ಅದು ಮನೆಯ ಮಾತು. ಅವರನ್ನು ಅತಿಥಿಗಳೆಂದು ಕರೆಯುವುದು ತಪ್ಪು, ಕ್ರೂರವೂ ಹೌದು. ಆದುದರಿಂದ ಒಂದು ಭಾಷೆ ಊರಿನದು, ಮತ್ತೊಂದು ಹೊರಗಿನದು ಎಂಬ ಸರಳ ವಿಂಗಡಣೆ ಇಲ್ಲಿ ನಿಲ್ಲದು.

ಆದರೂ ಎರಡು ಭಾಷೆಗಳ ಸ್ಥಿತಿ ಒಂದೇ ಅಲ್ಲ. ಕ್ಯಾಟಲೋನಿಯಾದ ಸರ್ಕಾರವು ಐದು ವರ್ಷಗಳಿಗೊಮ್ಮೆ ನಡೆಸುವ ಸಮೀಕ್ಷೆಯಲ್ಲಿ, ದಿನಬಳಕೆಯ ಭಾಷೆ ಕ್ಯಾಟಲನ್ ಎಂದವರು ೨೦೦೩ರಲ್ಲಿ ಶೇಕಡಾ ೪೬. ೨೦೨೩ರಲ್ಲಿ ಶೇಕಡಾ ೩೨.೬. ಹೊರಗಿನಿಂದ ಬಂದು ನೆಲೆಸಿದವರಿಂದ ಜನಸಂಖ್ಯೆ ಬೆಳೆದುದು ಈ ಇಳಿಕೆಗೆ ಮುಖ್ಯ ಕಾರಣ. ಭಾಷೆಯನ್ನು ಅರ್ಥಮಾಡಿಕೊಳ್ಳುವವರು ಇಂದಿಗೂ ಶೇಕಡಾ ತೊಂಬತ್ತನ್ನು ಮೀರುತ್ತಾರೆ. ತಿಳಿದವರು ಬಹಳ, ಆಡುವವರು ಕಡಿಮೆ. ಇದರ ಒಳಗುಟ್ಟು ಆಡುವವರ ಒಂದು ಅಭ್ಯಾಸದಲ್ಲಿದೆ: ಎದುರಿಗಿರುವಾತ ಹೊರಗಿನವನಂತೆ ಕಂಡರೆ ಸಾಕು, ಕ್ಯಾಟಲನ್ ಮಾತನಾಡುವವರು ಕೂಡಲೇ ಕ್ಯಾಸ್ಟಿಲಿಯನ್ನಿಗೆ ಹೊರಳುತ್ತಾರೆ. ಬೆಂಗಳೂರಿನ ಅಂಗಡಿಯಲ್ಲಿ ಕನ್ನಡಿಗನು ಗಿರಾಕಿಯ ಮುಖ ನೋಡಿ ಹಿಂದಿಗೋ ತಮಿಳಿಗೋ ಇಂಗ್ಲಿಷಿಗೋ ಜಾರುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಸೌಜನ್ಯವು ಕಲಿಯಲು ಮನಸ್ಸಿದ್ದವನಿಗೂ ಕಲಿಯುವ ಅವಕಾಶವನ್ನು ತಪ್ಪಿಸುತ್ತದೆ. ಅತಿಥಿಯು ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿಯುತ್ತಾನೆ.

ನಗರಕ್ಕೆ ಹೊರಗಿನವರ ಮೇಲಿರುವ ಇನ್ನೊಂದು ಅಸಮಾಧಾನವೂ ಇದರೊಡನೆ ಬೆರೆತುಕೊಂಡಿದೆ. ೧೯೯೨ರ ಒಲಿಂಪಿಕ್ಸ್ ಬಾರ್ಸಿಲೋನಾವನ್ನು ಜಗತ್ತಿನ ನಕ್ಷೆಯಲ್ಲಿ ಎತ್ತಿ ತೋರಿಸಿತು. ಅನಂತರ ಪ್ರವಾಸಿಗಳ ಪ್ರವಾಹ. ಬಾಡಿಗೆ ಏರಿತು, ಹಳೆಯ ಬೀದಿಗಳಿಂದ ಹಳೆಯ ನಿವಾಸಿಗಳು ಖಾಲಿಯಾದರು. ೨೦೨೪ರ ಜುಲೈನಲ್ಲಿ ಪ್ರತಿಭಟನಕಾರರು ಹೋಟೆಲುಗಳ ಮುಂದೆ ಕುಳಿತ ಪ್ರವಾಸಿಗಳ ಮೇಲೆ ಆಟಿಕೆ ಪಿಸ್ತೂಲುಗಳಿಂದ ನೀರು ಚಿಮ್ಮಿಸಿದರು. ಅದಕ್ಕೆ ತುಸು ಮುನ್ನ ನಗರಾಧ್ಯಕ್ಷರು, ಸುಮಾರು ಹತ್ತು ಸಾವಿರ ಪ್ರವಾಸಿ ವಸತಿಗಳ ಪರವಾನಗಿಗಳನ್ನು ೨೦೨೮ರ ಬಳಿಕ ಮುಂದುವರಿಸುವುದಿಲ್ಲವೆಂದು ಘೋಷಿಸಿದ್ದರು. ವಿದ್ಯಾರ್ಥಿಯು ತಾನು ಪ್ರವಾಸಿಯಲ್ಲವೆನ್ನುತ್ತಾನೆ. ಕಾಗದಪತ್ರಗಳ ಪ್ರಕಾರ ಸರಿ. ಆದರೆ ಐದಾರು ಮಂದಿ ಸೇರಿ ಒಂದು ಮನೆಯನ್ನು ಹಿಡಿದು, ತಮ್ಮಂಥ ಪರದೇಶಿಗಳೊಡನೆಯೇ ಇಂಗ್ಲಿಷಿನಲ್ಲಿ ಮಾತನಾಡುತ್ತ, ವಾರಾಂತ್ಯಗಳಲ್ಲಿ ಬೇರೆ ಊರುಗಳಿಗೆ ಹಾರುವವನಿಗೂ ಪ್ರವಾಸಿಗೂ ಇರುವ ವ್ಯತ್ಯಾಸ ಗ್ರಂಥಾಲಯದ ಒಂದು ಚೀಟಿ ಮಾತ್ರ. ಬಾಗಿಲ ಪಕ್ಕದ ಮನೆಯ ಅಜ್ಜಿಗೆ ಆ ಚೀಟಿ ಕಾಣಿಸುವುದಿಲ್ಲ.

ಕ್ಯಾಟಲನ್ ಮಾತನಾಡಲು ಕಲಿಯಲೇಬೇಕೆಂದು ವಿಧಿಸುವುದು ವ್ಯಾವಹಾರಿಕವಲ್ಲ. ಕೇಳಿ ತಿಳಿಯುವಷ್ಟು ಕಲಿಯಬೇಕೆಂಬುದು ಮಾತ್ರ ಪೂರ್ತಿ ನ್ಯಾಯಸಮ್ಮತವಾದ ಬೇಡಿಕೆ. ಫ್ರೆಂಚ್, ಇಟಾಲಿಯನ್, ಕ್ಯಾಸ್ಟಿಲಿಯನ್ ಇವುಗಳಲ್ಲಿ ಒಂದನ್ನು ಬಲ್ಲವನಿಗೆ ಅದು ಕೆಲವು ವಾರಗಳ ಕೆಲಸ. ಅಧ್ಯಾಪಕರು ಕ್ಯಾಟಲನ್ನಿನಲ್ಲಿ ಹೇಳಲಿ, ವಿದ್ಯಾರ್ಥಿಯು ಕ್ಯಾಸ್ಟಿಲಿಯನ್ನಿನಲ್ಲಿ ಪ್ರಶ್ನೆ ಕೇಳಲಿ, ಪರೀಕ್ಷೆಯನ್ನು ತನಗೆ ಬಂದ ಭಾಷೆಯಲ್ಲಿ ಬರೆಯಲಿ. ಕಾಯಿದೆ ಇದಕ್ಕೆ ಅಡ್ಡಿಯಲ್ಲ. ಕಲಿಯಲು ಸೌಕರ್ಯವೂ ಇದೆ. ೧೯೮೯ರಲ್ಲಿ ಸ್ಥಾಪಿತವಾದ ಭಾಷಾ ಒಕ್ಕೂಟವು ಆರಂಭಿಕ ಪಾಠಗಳನ್ನು ಉಚಿತವಾಗಿ ನಡೆಸುತ್ತದೆ. ೨೦೦೩ರಿಂದ, ಭಾಷೆ ಬಲ್ಲ ಒಬ್ಬ ಸ್ವಯಂಸೇವಕನನ್ನೂ ಕಲಿಯುವ ಒಬ್ಬನನ್ನೂ ಜೊತೆಗೂಡಿಸಿ, ವಾರಕ್ಕೊಂದು ಗಂಟೆಯಂತೆ ಹತ್ತು ಗಂಟೆ ಮಾತನಾಡಿಸುವ ಏರ್ಪಾಡು ನಡೆದಿದೆ. ಅಲ್ಲಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಒಂದು ಕಾಫಿ, ಎರಡು ಕುರ್ಚಿ. ಸ್ವಯಂಸೇವಕನು ಪಾಲಿಸಬೇಕಾದ ಮುಖ್ಯ ನಿಯಮ ಕ್ಯಾಸ್ಟಿಲಿಯನ್ನಿಗೆ ಹೊರಳದಿರುವುದು. ಹೊರನಾಡಿನ ಕನ್ನಡ ಸಂಘಗಳು ತಮ್ಮ ಎರಡನೆಯ ತಲೆಮಾರಿನ ಮಕ್ಕಳಿಗಾಗಿ ಈ ಹತ್ತು ಗಂಟೆಗಳ ಪದ್ಧತಿಯನ್ನು ಪರಿಶೀಲಿಸಬಹುದು. ವಾರ್ಷಿಕೋತ್ಸವದ ನಾಟಕಕ್ಕಿಂತ ಇದರ ಖರ್ಚು ಕಡಿಮೆ.

ಹೊಣೆ ವಿದ್ಯಾರ್ಥಿಯದು ಮಾತ್ರವಲ್ಲ. ಎರಾಸ್ಮಸ್ ವಿದ್ಯಾರ್ಥಿಯು ಹೊರಡುವ ಮುನ್ನ ಸಹಿ ಮಾಡುವ ಕಲಿಕಾ ಒಪ್ಪಂದದಲ್ಲಿ ಬೋಧನೆಯ ಭಾಷೆಯನ್ನು ನಮೂದಿಸುವ ಸ್ಥಳವಿದೆ. ಕಳುಹಿಸುವ ವಿಶ್ವವಿದ್ಯಾಲಯ ಅಲ್ಲಿ 'ಸ್ಪ್ಯಾನಿಷ್' ಎಂದು ಕಣ್ಣುಮುಚ್ಚಿ ಬರೆದರೆ, ಮೊದಲ ದಿನ ತರಗತಿಯಲ್ಲಿ ಏಳುವ ಕೈಗೆ ಆ ವಿಶ್ವವಿದ್ಯಾಲಯವೂ ಹೊಣೆ. ಬರಮಾಡಿಕೊಳ್ಳುವ ಕಡೆಯವರೂ ನಗರದ ಬಿಸಿಲು, ಬೀಚು, ಗೌದಿಯ ಕಟ್ಟಡಗಳ ಚಿತ್ರಗಳಿಗೆ ಕೊಟ್ಟಷ್ಟು ಜಾಗವನ್ನು ಪ್ರಕಟಣೆಗಳಲ್ಲಿ ಬೋಧನಾ ಭಾಷೆಗೆ ಕೊಡುವುದಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಇಳಿದೀತೆಂಬ ಅಂಜಿಕೆ ಇದಕ್ಕೆ ಕಾರಣವಾಗಿದ್ದರೆ ಅದು ಅಷ್ಟೇನೂ ಗೌರವದ ಕಾರಣವಲ್ಲ.

ಕ್ಯಾಸ್ಟಿಲಿಯನ್ನಿನ ಮಹಾಕೃತಿಯ ನಾಯಕ ಡಾನ್ ಕ್ವಿಕ್ಸೋಟನು ೧೬೧೫ರ ಎರಡನೆಯ ಭಾಗದಲ್ಲಿ ಬಾರ್ಸಿಲೋನಾಕ್ಕೆ ಬರುತ್ತಾನೆ. ಅಲ್ಲಿ ಅವನು ಹೊಗುವುದು ಒಂದು ಮುದ್ರಣಾಲಯವನ್ನು. ಇಟಲಿಯ ಮಾತಿನಿಂದ ಪುಸ್ತಕವೊಂದನ್ನು ತಂದ ಅನುವಾದಕನೊಡನೆ ಅನುವಾದದ ಕಷ್ಟಸುಖಗಳನ್ನು ಚರ್ಚಿಸುತ್ತಾನೆ. ಬಾರ್ಸಿಲೋನಾ ಅಂದಿನಿಂದಲೂ ಪುಸ್ತಕದ ಊರು. ಸ್ಪೇನಿನ ಪುಸ್ತಕದ ದಿನದ ಕಲ್ಪನೆ ಈ ನಗರದಲ್ಲಿ ಕೆಲಸ ಮಾಡುತ್ತಿದ್ದ ವೇಲೆನ್ಸಿಯಾದ ಪ್ರಕಾಶಕ ವಿಸೆಂತ್ ಕ್ಲಾವೆಲ್‌ನದು. ೧೯೨೬ರಲ್ಲಿ ಅಕ್ಟೋಬರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಏಪ್ರಿಲ್ ೨೩ಕ್ಕೆ, ಸಂತ ಜೋರ್ದಿಯ ಹಬ್ಬದ ದಿನಕ್ಕೆ, ಅದು ಬದಲಾಯಿತು. ಆ ದಿನ ಬೀದಿಗಳ ತುಂಬ ಪುಸ್ತಕದ ಮೇಜುಗಳು, ಗುಲಾಬಿಯ ಬುಟ್ಟಿಗಳು. ಫೆಬ್ರವರಿಯಲ್ಲಿ ಬಂದ ವಿದ್ಯಾರ್ಥಿಗೆ ಆ ದಿನಕ್ಕೆ ಎರಡು ತಿಂಗಳ ಮೇಲಾಗಿರುತ್ತದೆ. ಹತ್ತು ಗಂಟೆಯ ಮಾತುಕತೆ ಮುಗಿದಿರಲು ಸಾಕಷ್ಟು ಕಾಲ. ನಿಘಂಟಿನ ನೆರವಿನಿಂದ ರುದುರೇದಾಳ ಕಾದಂಬರಿಯ ಮೊದಲ ಅಧ್ಯಾಯವನ್ನು ಓದಲು ಅಷ್ಟು ಸಾಲುತ್ತದೆ. ಆಕೆ ದೂರದ ಜಿನೀವಾದಿಂದ ನೆನಪಿಸಿಕೊಂಡು ಬರೆದ ಚೌಕ ಗ್ರಾಸಿಯಾದಲ್ಲಿ ಇಂದಿಗೂ ಇದೆ. ಸಂಜೆಯ ಹೊತ್ತು ಅಲ್ಲಿ ಮಕ್ಕಳು ಎರಡೂ ಭಾಷೆಗಳಲ್ಲಿ ಕೂಗಾಡುತ್ತ ಆಡುತ್ತಿರುತ್ತಾರೆ.