ವಸಡಿನ ರಕ್ತಕ್ಕ ಉಷ್ಣ ಅನ್ನೂದು ಸಾಕು

ಹಲ್ಲು ತಿಕ್ಕುವಾಗ ರಕ್ತ ಬಂತಂದ್ರ ನಮ್ಮ ಮನಿಗಳೊಳಗ ಒಂದೇ ಮಾತು: "ಉಷ್ಣ ಆಗೇದ, ಮಜ್ಜಿಗಿ ಕುಡಿ." ಕುಡೀರಿ, ಯಾರು ಬ್ಯಾಡಂತಾರ? ಆದ್ರ ವಸಡಿನ ರೋಗಕ್ಕ ಅದು ಔಷಧ ಅಲ್ಲ.

ವಸಡಿನ ಹುಳದಿಂದ ಕ್ಯಾನ್ಸರ್ ಅಂತ ಮೊಬೈಲಿನೊಳಗ ಓಡಾಡೂ ಸುದ್ದಿ ಪೂರ್ತಿ ಸುಳ್ಳಲ್ಲ, ಹೆದರಿಸಿದಷ್ಟು ಖರೇನೂ ಅಲ್ಲ. ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಅಂತ ಒಂದು ಬ್ಯಾಕ್ಟೀರಿಯಾ ಅದ. ಗಾಳಿ ಆಡದ ಸಂದಿ ಅದಕ್ಕ ಬೇಕು, ಹಂಗಾಗಿ ಹಲ್ಲು-ವಸಡಿನ ನಡುವ ಸೇರಿಕೊಂಡಿರ್ತದ. 2012ರ ಹೊತ್ತಿಗೆ ಅಮೆರಿಕಾ, ಕೆನಡಾದ ಸಂಶೋಧಕರು ದೊಡ್ಡಕರುಳಿನ ಕ್ಯಾನ್ಸರ್ ಗಡ್ಡಿಯೊಳಗ ಇದನ್ನ ಕಂಡರು. 2024ರೊಳಗ ಸಿಯಾಟಲ್‌ನವರು ಸುಮಾರು 200 ಮಂದಿಯ ಗಡ್ಡಿ ಪರೀಕ್ಷಾ ಮಾಡಿದಾಗ ಅರ್ಧದಷ್ಟರೊಳಗ ಇದರ ಒಂದು ಒಳಜಾತಿ ಸಿಕ್ತು. ಬೆಂಕಿ ಬಿದ್ದ ಮನಿ ಮುಂದ ನಿಂತವರೆಲ್ಲ ಬೆಂಕಿ ಹಚ್ಚಿದವರಲ್ಲ, ಖರೆ. ಇಲಿಗಳೊಳಗ ಗಡ್ಡಿ ಬೆಳಿಯೂದಕ್ಕ ಇದು ಕುಮ್ಮಕ್ಕು ಕೊಡೂದು ಕಂಡದ. ಮನುಷ್ಯಾರಿಗೆ ಇದರಿಂದನ ಕ್ಯಾನ್ಸರ್ ಬರ್ತದ ಅಂತ ಇನ್ನೂ ಸಿದ್ಧ ಆಗಿಲ್ಲ.

ಸಿದ್ಧ ಆಗಿದ್ದು ಬ್ಯಾರೆ ಅದ, ನನಗ ಸಿಟ್ಟು ಬರೂದೂ ಅದರ ಮ್ಯಾಲೇ. ವಸಡು ನೋವು ಅಂದಕೂಡಲೇ ಮಿಶ್ರಿ ತಿಕ್ಕೂ ಹಿರೇರು ನಮ್ಮ ಓಣಿಯೊಳಗ ಇನ್ನೂ ಅದಾರ. ಮಿಶ್ರಿ ಅಂದ್ರ ಸುಟ್ಟ ತಂಬಾಕಿನ ಪುಡಿ ಅಲ್ಲೇನ್ರಿ? ತಂಬಾಕಾಗಲಿ ಅಡಿಕಿಯಾಗಲಿ, ಬಾಯಿ ಕ್ಯಾನ್ಸರ್ ತರ್ತಾವ ಅನ್ನೂದರೊಳಗ ಸಂಶಯ ಉಳಿದಿಲ್ಲ. ಕಾಣದ ಬ್ಯಾಕ್ಟೀರಿಯಾಕ್ಕ ಹೆದರಿ, ಸೆರಗಿನ ಗಂಟಿನಾಗ ಮಿಶ್ರಿ ಡಬ್ಬಿ ಹಂಗೇ ಇಟ್ಟುಕೊಂಡ್ರ ಏನು ಹೇಳೂದು!

ಹಲ್ಲು ಕ್ಲೀನಿಂಗ್ ಮಾಡಿಸಿದ್ರ ಅಳ್ಳಾಡ್ತಾವ ಅಂತ ನಮ್ಮ ಚಿಗವ್ವ ಇವತ್ತಿಗೂ ದವಾಖಾನಿ ಮೆಟ್ಟಲಾ ಹತ್ತಿಲ್ಲ. ಹಲ್ಲು ಮೊದಲೇ ಸಡಿಲಾಗಿರ್ತಾವ ಚಿಗವ್ವಾ, ಗಟ್ಟಿಯಾಗಿ ಕುಂತ ಕಿಟ್ಟ ಅದನ್ನ ಮುಚ್ಚಿರ್ತದ ಅಷ್ಟ. ಆ ಕಿಟ್ಟ ಬ್ರಶ್ಶಿಗೆ ಬರೂದಿಲ್ಲ, ಹಲ್ಲಿನ ಡಾಕ್ಟರೇ ತಗೀಬೇಕು. ಗಂಡಸರ ಗಾಡಿ ಸರ್ವಿಸಿಂಗಿಗೆ ರೊಕ್ಕ ಇರ್ತದ, ನಮ್ಮ ಹಲ್ಲಿಗೆ ಮಾತ್ರ "ಮುಂದಿನ ತಿಂಗಳ ನೋಡೂಣು." ಹಂಗ ಅನ್ನಾವರು ನಾವೇ, ಅವರಲ್ಲ.

ಶುಗರ್ ಇದ್ದಾಕಿ, ಬಸುರಿದ್ದಾಕಿ ಅಂತೂ ಮುಂದ ಹಾಕಬ್ಯಾಡ್ರಿ; ಅವರ ವಸಡು ಜಲ್ದಿ ಬಾತುಕೊಳ್ತಾವ. ರಕ್ತ ಬರೂ ಜಾಗಾ ಬಿಟ್ಟು ತಿಕ್ಕೂದೂ ತಪ್ಪು, ಮೆತ್ತನ್ನ ಬ್ರಶ್ ತಗೊಂಡು ನಿಧಾನಕ ಅಲ್ಲೇ ತಿಕ್ಕಬೇಕು. ಇನ್ನ ಸಂಡಾಸದಾಗ ರಕ್ತ ಕಂಡ್ರ ಮೂಲವ್ಯಾಧಿ ಅಂತ ನಾಚಿಕೊಂಡು ಮುಚ್ಚಿಡಬ್ಯಾಡ್ರಿ. ಅದಕ್ಕ ಹಲ್ಲಿನ ಡಾಕ್ಟರ್ ಅಲ್ಲ, ದೊಡ್ಡ ದವಾಖಾನಿಗೇ ಹೋಗಬೇಕು.