ತೂಗುವ ಯಂತ್ರವನ್ನೂ ತೂಗಿ ನೋಡಿ

2025ರ ಮದುವೆ ಸುಗ್ಗಿಯಲ್ಲಿ ಒಂದು ಸಂಜೆ ಹಿರೇಕೆರೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಗೋವಿನಜೋಳ ಮಾರಿದ ರೊಕ್ಕದಲ್ಲಿ ಮಗಳಿಗೆಂದು ಹಾನಗಲ್ಲಿನ ಪತ್ತಾರರೊಬ್ಬರ ಹತ್ತಿರ ಸರ ಮಾಡಿಸಿದ್ದ. ಮುಖ ಗಂಟಿಕ್ಕಿತ್ತು.

“ಸರ, ಪತ್ತಾರ ನನಗ ಮೋಸ ಮಾಡ್ಯಾನ್ರಿ. 12 ಗ್ರಾಂ ಅಂತ ರೊಕ್ಕ ಎಣಿಸಿಕೊಂಡು 11.82 ಕೊಟ್ಟಾನ. ಮಂದಿ ಮುಂದ ನಿಂತು ಬೈದು ಬಂದೇನಿ.”

“ನೀ ಎಲ್ಲಿ ತೂಗಿದಿ ತಮ್ಮಾ?” ಎಂದೆ. ಕಿಸೆಯಿಂದ ಮೊಬೈಲಿನಷ್ಟೇ ಗಾತ್ರದ ಡಿಜಿಟಲ್ ತಕ್ಕಡಿ ತೆಗೆದ. ಅಗ್ಗದಲ್ಲಿ ಅಂಚೆಯ ಮೂಲಕ ತರಿಸಿಕೊಂಡದ್ದು. “ಅಂಕಿ ಕಣ್ಣಿಗೆ ಕಾಣತಾವಲ್ರಿ. ಯಂತ್ರ ಸುಳ್ಳ ಹೇಳತೈತೇನ್ರಿ?”

ಹೇಳುತ್ತದೆ. ಅದೂ ದಶಾಂಶ ಬಿಂದುವಿನ ಮುಂದೆ ಎರಡು ಅಂಕಿ ಇಟ್ಟು, ಬಹಳ ಧೈರ್ಯದಿಂದ ಹೇಳುತ್ತದೆ. ಮರುದಿನ ಅವನನ್ನು ಶಾಲೆಯ ಪ್ರಯೋಗಾಲಯಕ್ಕೆ ಕರೆದೆ. ತೂಕದ ಪೆಟ್ಟಿಗೆಯಿಂದ 50 ಗ್ರಾಂನ ಹಿತ್ತಾಳೆ ತೂಕವನ್ನು ಚಿಮಟದಿಂದ ಎತ್ತಿ ಅವನ ಯಂತ್ರದ ಮೇಲಿಟ್ಟೆ. ತೋರಿಸಿದ್ದು 49.25. ಅಂದರೆ ನೂರಕ್ಕೆ ಒಂದೂವರೆ ಕಡಿಮೆ. 12 ಗ್ರಾಂಗೆ ಇದೇ ಲೆಕ್ಕ ಹಾಕಿ, 11.82 ಬರುತ್ತದೆ. ಅವನು ಆ ಲೆಕ್ಕವನ್ನು ತಾನೇ ಎರಡು ಸಲ ಮಾಡಿ ಸುಮ್ಮನೆ ಕುಳಿತ.

ಇದು ಹೇಗಾಗುತ್ತದೆ? ಇಂಥ ಯಂತ್ರದ ಒಳಗೆ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತದೆ. ಅದರ ಮೇಲೆ ತೆಳುವಾದ ತಂತಿಹಾಳೆ ಅಂಟಿಸಿರುತ್ತಾರೆ. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ತಂತಿ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನೇ ಯಂತ್ರ ಅಂಕಿಯಾಗಿಸಿ ತೋರಿಸುತ್ತದೆ. ಬಿಸಿಲಿಗೆ ಕಾದರೆ, ಒಮ್ಮೆ ಕೈಜಾರಿ ಬಿದ್ದರೆ, ಬ್ಯಾಟರಿ ಸೋತರೆ, ಇಟ್ಟ ಮೇಜು ಓರೆಯಾದರೆ, ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅಂಕಿ ಕದಲುತ್ತದೆ. ಸೂಕ್ಷ್ಮವಾಗಿ ತೋರಿಸುವುದು ಬೇರೆ, ಸರಿಯಾಗಿ ತೋರಿಸುವುದು ಬೇರೆ.

ಇನ್ನೊಂದು ಸೂಕ್ಷ್ಮವಿದೆ. ಈ ಯಂತ್ರ ಅಳೆಯುವುದು ಭೂಮಿಯ ಸೆಳೆತವನ್ನು. ದೆಹಲಿಗೆ ಹೋಲಿಸಿದರೆ ನಮ್ಮ ಸೀಮೆಯಲ್ಲಿ ಗುರುತ್ವ ಸುಮಾರು ಸಾವಿರಕ್ಕೆ ಒಂದು ಪಾಲು ಕಡಿಮೆ. ಅಲ್ಲಿ ಹೊಂದಿಸಿದ ಯಂತ್ರವನ್ನು ಇಲ್ಲಿ ಮತ್ತೆ ಹೊಂದಿಸದೆ ಬಳಸಿದರೆ 100 ಗ್ರಾಂನಲ್ಲಿ ಸುಮಾರು 0.1 ಗ್ರಾಂ ಕಡಿಮೆ ತೋರಿಸೀತು. ಅಜ್ಜನ ಕಾಲದ ಎರಡು ತಟ್ಟೆಯ ತಕ್ಕಡಿಗೆ ಈ ತೊಂದರೆಯಿಲ್ಲ. ಸೆಳೆತ ಕಡಿಮೆಯಾದರೆ ಎರಡೂ ತಟ್ಟೆಗೆ ಒಂದೇ ಸಮ ಕಡಿಮೆಯಾಗುತ್ತದೆ.

ಅವನ ಯಂತ್ರದಲ್ಲಿ ಗ್ರಾಂ, ಔನ್ಸ್, ಕ್ಯಾರೆಟ್ ಜೊತೆಗೆ ‘ಗ್ರೇನ್’ ಎಂಬ ಮಾನವೂ ಇತ್ತು. ಕಾಳು ಎಂದೇ ಅದರ ಅರ್ಥ. ನಮ್ಮ ಗುಲಗಂಜಿ ಇದ್ದ ಹಾಗೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಮೆರಿಕದಲ್ಲಿ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವ ಹವ್ಯಾಸಿಗಳು ಇದೇ ಮಾನದಲ್ಲಿ ಮದ್ದು ತೂಗುತ್ತಾರೆ. ಮದ್ದು ಹೆಚ್ಚಾದರೆ ಬಂದೂಕು ಕೈಯಲ್ಲೇ ಸಿಡಿದೀತು. ಹಾಗಾಗಿ ಅವರಲ್ಲಿ ಎಚ್ಚರವಿರುವವರು ಗೊತ್ತಿರುವ ತೂಕವೊಂದನ್ನು ಇಟ್ಟು ನೋಡದೆ ಡಿಜಿಟಲ್ ಯಂತ್ರವನ್ನು ನಂಬುವುದಿಲ್ಲ. ಅವರು ಕಂಡುಕೊಂಡ ಇನ್ನೊಂದು ದೋಷವನ್ನು ನೀವೂ ಮನೆಯಲ್ಲಿ ನೋಡಬಹುದು. ಖಾಲಿ ಯಂತ್ರದ ಮೇಲೆ ರವೆಯನ್ನು ಒಂದೊಂದೇ ಹರಳಾಗಿ, ನಿಧಾನವಾಗಿ ಉದುರಿಸಿ. ಎಷ್ಟೋ ಹೊತ್ತು ಅಂಕಿ ಸೊನ್ನೆಯಲ್ಲೇ ನಿಂತಿರಬಹುದು. ತಾನಾಗಿ ಸೊನ್ನೆಗೆ ಮರಳುವ ಏರ್ಪಾಡು ಅನೇಕ ಯಂತ್ರಗಳಲ್ಲಿರುತ್ತದೆ. ನಿಧಾನವಾಗಿ ಬಿದ್ದ ಭಾರವನ್ನು ಅದು ನುಂಗಿಬಿಡುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲೆ, 180 ಗ್ರೇನ್, ಅಂದರೆ 11.66 ಗ್ರಾಂ ತೂಗುತ್ತಿತ್ತು. 80 ತೊಲೆಗೆ ಒಂದು ಸೇರು. ಕಿಸೆಯಲ್ಲಿ ರೂಪಾಯಿ ಇದ್ದವನ ಹತ್ತಿರ ತೂಕದ ಕಲ್ಲೂ ಇದ್ದಂತೆಯೇ. ಇಂದಿನ ನಾಣ್ಯವೂ ಉಪಯೋಗಕ್ಕೆ ಬರುತ್ತದೆ. 2011ರ ಸರಣಿಯ, ರೂಪಾಯಿ ಚಿಹ್ನೆಯ ಹಳದಿ 5 ರೂಪಾಯಿ ನಾಣ್ಯದ ತೂಕ 6 ಗ್ರಾಂ. ಸವೆಯದ ಹತ್ತು ನಾಣ್ಯ ಇಟ್ಟರೆ 60 ಗ್ರಾಂ ಸುಮಾರಿಗೆ ಬರಬೇಕು. 2019ರ ಸರಣಿಯದು 6.74 ಗ್ರಾಂ, ಎರಡನ್ನೂ ಬೆರೆಸಬೇಡಿ. ತೂಗುವ ಮೊದಲೊಮ್ಮೆ, ತೂಗಿದ ಮೇಲೊಮ್ಮೆ ನಾಣ್ಯ ಇಟ್ಟು ನೋಡಿ. ಎರಡು ಸಲವೂ ಒಂದೇ ಅಂಕಿ ಬರದಿದ್ದರೆ ಆ ಯಂತ್ರ ಜಗಳಕ್ಕೆ ಸಾಕ್ಷಿಯಾಗಲಾರದು.

ಹಾಗೆಂದು ಅಂಗಡಿಯ ಯಂತ್ರವನ್ನು ಕಣ್ಣುಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಶಿಗ್ಗಾಂವಿಯ ಸಂತೆಯಿರಲಿ, ಸವಣೂರಿನ ಕಿರಾಣಿ ಅಂಗಡಿಯಿರಲಿ, ವ್ಯಾಪಾರದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು. ನಿಗದಿತ ಅವಧಿಗೆ ಮತ್ತೆ ಪರೀಕ್ಷೆಯಾಗಬೇಕು. 2009ರ ಕಾಯ್ದೆಯ ವ್ಯವಸ್ಥೆ ಇದು. ಅದರ ಪ್ರಮಾಣಪತ್ರ ಕೇಳಲು ಸಂಕೋಚ ಬೇಡ. ತೂಗುವ ಮೊದಲು ಸೊನ್ನೆ ಇದೆಯೇ ಎಂದೂ ನೋಡಿ. ಸವಣೂರಿನ ವೀಳ್ಯದೆಲೆಯನ್ನಾದರೆ ಎಣಿಸಿಕೊಳ್ಳಬಹುದು, ಬಂಗಾರವನ್ನು ಎಣಿಸಲಾಗುವುದಿಲ್ಲವಲ್ಲ! 2025ರಲ್ಲಿ ಅಪರಂಜಿ ಚಿನ್ನ ಗ್ರಾಂಗೆ 10 ಸಾವಿರ ರೂಪಾಯಿ ದಾಟಿತು. ಆ ಲೆಕ್ಕದಲ್ಲಿ 0.18 ಗ್ರಾಂ ಎಂದರೆ 1,800 ರೂಪಾಯಿ. ನನ್ನ ವಿದ್ಯಾರ್ಥಿ ಸಿಟ್ಟಾದದ್ದು ತಪ್ಪಲ್ಲ. ಪರೀಕ್ಷಿಸುವ ಮೊದಲೇ ಸಿಟ್ಟಾದದ್ದು ತಪ್ಪು.

ಅವನ ಜೊತೆ ಹಾನಗಲ್ಲಿಗೆ ನಾನೂ ಹೋದೆ. ಪತ್ತಾರರು ಏನೂ ಮಾತಾಡದೆ ತಮ್ಮ ಮುದ್ರೆಯ ತೂಕವನ್ನು ಮೊದಲು ಯಂತ್ರದ ಮೇಲಿಟ್ಟು ತೋರಿಸಿದರು, ಆಮೇಲೆ ಸರ ಇಟ್ಟರು. 12.00. ಹುಡುಗ ಕೈಮುಗಿದ. “ಆತು ಬಿಡ್ರಿ, ಕುಂದರ್ರಿ, ಚಾ ತರಿಸತೇನಿ” ಎಂದರು ಅವರು. ಚಹಾ ಬಂತು, ಕುಡಿದೆವು. ಆದರೆ ಅಂದು ಅವನು ಬೈದಾಗ ಅಂಗಡಿಯಲ್ಲಿದ್ದ ಮಂದಿ ಈಗ ಅಲ್ಲಿರಲಿಲ್ಲ. ಅವರಿಗೆಲ್ಲ ಯಾರು ಹೋಗಿ ಹೇಳಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಇದಕ್ಕೇ.